ಜೋಲುಕಿವಿಗೆ ಬಿಟ್ಟ ಎಣ್ಣೆ

ನನ್ನ ತಮ್ಮ ಆ ನಾಯಿಯನ್ನು ಮನೆಗೆ ತಂದ ದಿನವೇ ನನಗೆ ಅನುಮಾನ ಹತ್ತಿತು. ನಾಯಿಯ ಮೇಲಲ್ಲ, ಅದರ ಜೊತೆಗೆ ಬಂದ ಸಾಮಾನಿನ ಮೇಲೆ. ಕಬ್ಬಿಣದ ಹಲ್ಲಿನ ಬಾಚಣಿಗೆ, ಒಂದು ಬ್ರಷ್ಷು, ತುದಿ ಮೊಂಡಾಗಿದ್ದ ಕತ್ತರಿ, ಮುಚ್ಚಳವಿದ್ದ ಸಣ್ಣ ತಗಡಿನ ಡಬ್ಬಿ, ಎರಡು ಮೆತ್ತನೆಯ ಟವೆಲ್ಲು. ನಮ್ಮ ಮನೆಯಲ್ಲಿ ಮನುಷ್ಯರು ಮೈ ಒರೆಸಿಕೊಳ್ಳುತ್ತಿದ್ದ ಬಟ್ಟೆ ಅಷ್ಟು ಚೆನ್ನಾಗಿರಲಿಲ್ಲ. ಗಂಡ ತೀರಿಕೊಂಡು ನಾನು ತವರಿಗೆ ಬಂದಾಗ ನನ್ನ ಜೊತೆಯಲ್ಲೂ ಅಷ್ಟು ಸಾಮಾನು ಬಂದಿರಲಿಲ್ಲ.

ಆಗ ರಾಜಾಜಿನಗರದಲ್ಲಿ ಇನ್ನೂ ಮನೆಗಳು ಏಳುತ್ತಿದ್ದವು. ಅಪ್ಪ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದರು. ಪೇಟೆಯ ವಠಾರ ಬಿಟ್ಟು, ಕೆಲಸಗಾರರಿಗೆಂದು ಕಟ್ಟಿದ ಸಾಲುಮನೆಗೆ ನಾವು ಬಂದು ಬಹಳ ಕಾಲವಾಗಿರಲಿಲ್ಲ. ಬೀದಿಯ ಕೊನೆಯಲ್ಲಿ ನಿಂತರೆ ರಾಗಿ ಹೊಲ, ಅದರಾಚೆ ತೋಪು. ಎದುರುಮನೆಯ ಅಜ್ಜಿಯೂ ಅದೇ ವಠಾರದಿಂದ ನಮ್ಮ ಹಿಂದೆಯೇ ಬಂದವರು. ಬಾಣಂತಿಯರಿಗೂ ಹಸುಗೂಸುಗಳಿಗೂ ಎರೆಯುವುದು ಅವರ ಕೆಲಸ. ಬೆಳಗಾದರೆ ಎಣ್ಣೆ ಬಟ್ಟಲು ಹಿಡಿದು ಒಂದಲ್ಲ ಒಂದು ಮನೆಗೆ ಹೋಗುತ್ತಿದ್ದರು. ನನ್ನ ತಮ್ಮನನ್ನು ಕಾಲಮೇಲೆ ಮಲಗಿಸಿಕೊಂಡು ಎರೆದವರೂ ಅವರೇ. ಅವ್ವನಿಗೆ ಆ ಬಾಣಂತನದಲ್ಲಿ ಮೈ ಸರಿಯಿರಲಿಲ್ಲ. ನೀರು ತೋಡಿಕೊಡುತ್ತ, ಮಗುವಿನ ತಲೆ ಒರೆಸುತ್ತ ಅಜ್ಜಿಯ ಪಕ್ಕದಲ್ಲಿ ನಿಂತು ನಾನು ಆ ಕೆಲಸವನ್ನೆಲ್ಲ ಕಲಿತೆ. ನಾಲ್ಕನೇ ಕ್ಲಾಸಿಗೆ ನನ್ನ ಓದು ನಿಂತಿತ್ತು. ನನಗೆ ಚೆನ್ನಾಗಿ ಬರುತ್ತಿದ್ದದ್ದು ಅಂದರೆ ಇಂಥವೇ.

ನನ್ನ ತಮ್ಮ ದಂಡಿನ, ಅಂದರೆ ಕಂಟೋನ್ಮೆಂಟಿನ, ಕಡೆಯ ಒಂದು ಬಂಗಲೆಯಲ್ಲಿ ದೊರೆಸಾನಿಯೊಬ್ಬರ ನಾಯಿಗಳನ್ನು ನೋಡಿಕೊಳ್ಳುತ್ತಿದ್ದ. ಆಕೆ ತಮ್ಮ ದೇಶಕ್ಕೆ ಹೊರಟಾಗ ನಾಯಿಗಳಿಗೆಲ್ಲ ಒಂದೊಂದು ಮನೆ ಗೊತ್ತುಮಾಡಿ, ಒಂದನ್ನು ಇವನಿಗೆ ಕೊಟ್ಟರು. ಹೆಣ್ಣು ನಾಯಿ. ಸ್ಪ್ಯಾನಿಯಲ್ ಜಾತಿ ಅಂದ. ಬೆಲ್ಲದ ಬಣ್ಣದ ಮೈ, ಗಿಡ್ಡ ಕಾಲು, ಎರಡೂ ಕಡೆ ಬಿಚ್ಚಿದ ಜಡೆಯ ಹಾಗೆ ನೇತಾಡುವ ಕಿವಿ. ದೊರೆಸಾನಿ ಇಟ್ಟಿದ್ದ ಹೆಸರು ನನ್ನ ಬಾಯಿಗೆ ಹತ್ತಲಿಲ್ಲ. ನಾನು ಕೊನೆಯವರೆಗೂ ಅದನ್ನು ಜೋಲುಕಿವಿ ಅಂತಲೇ ಕರೆದೆ.

ಬಂದ ದಿನವೇ ಅವನು ನನ್ನನ್ನು ಕೂರಿಸಿಕೊಂಡು ಪಾಠ ಶುರುಮಾಡಿದ.

"ಈ ಜಾತಿಗೆ ಕಿವಿಯೇ ಕಷ್ಟ ಕಣಕ್ಕ. ಬೀದಿನಾಯಿ ಕಿವಿ ನೆಟ್ಟಗೆ ನಿಂತಿರುತ್ತೆ, ಒಳಗೆ ಗಾಳಿ ಆಡುತ್ತೆ. ಇದರದ್ದು ಮುಚ್ಕೊಂಡೇ ಇರುತ್ತೆ. ತೇವ ನಿಂತ್ರೆ ಕೊಳೆಯುತ್ತೆ. ಸ್ನಾನ ಮಾಡಿಸುವಾಗ ಹತ್ತಿ ಇಡಬೇಕು. ಆಮೇಲೆ ಒರೆಸಿ ಒಣಗಿಸಬೇಕು. ಎಣ್ಣೆ ಅಂತೂ ಮುಟ್ಟಿಸ್ಲೇಬಾರ್ದು."

"ಎಣ್ಣೆ ಮುಟ್ಟಿಸ್ಬಾರ್ದಾ? ನಿನ್ನ ಕಿವಿಗೆ ವಾರವಾರ ಬಿಡ್ತಿದ್ದೋರು ಯಾರೋ?"

"ನಾನೇನು ನಾಯೀನಾ?"

"ಅದೇ ನಂಗೂ ಅನುಮಾನ."

ಅವ್ವ ನಕ್ಕರು. ಅವನೂ ನಕ್ಕ. ನನಗೆ ಮಾತ್ರ ಒಳಗೆ ಚುಚ್ಚಿತು. ನಾನು ಎತ್ತಿ ಆಡಿಸಿದ ಹುಡುಗ, ಯಾರೋ ದೊರೆಸಾನಿಯಿಂದ ಕಲಿತು ಬಂದು ಸ್ನಾನ ಮಾಡಿಸುವುದು ಹೇಗೆ ಅಂತ ನನಗೆ ಹೇಳಿಕೊಡುತ್ತಾನಲ್ಲ ಅನ್ನಿಸಿತು. ನನ್ನನ್ನು ಚಿಕ್ಕವಳು ಮಾಡಲಿಕ್ಕೇ ಈ ಕಟ್ಟುಪಾಡನ್ನೆಲ್ಲ ಹುಟ್ಟಿಸಿಕೊಂಡು ಹೇಳುತ್ತಿದ್ದಾನೆ ಅನ್ನುವ ಸಂಶಯ ಅವತ್ತು ಬಂದದ್ದು ಆಮೇಲೆ ಹೋಗಲಿಲ್ಲ.

ತಗಡಿನ ಡಬ್ಬಿಯನ್ನು ಅವನು ಗೂಡಿನ ಮೇಲೆ ಎತ್ತಿಡುತ್ತಿದ್ದ. ಅವನು ಇಲ್ಲದಾಗ ತೆಗೆದು ನೋಡಿದೆ. ಬಿಳಿ ಪುಡಿ. ಯಾವಳಿಗೋ ಪೌಡರು ಕೊಂಡಿಟ್ಟಿದ್ದಾನೆ ಅಂದುಕೊಂಡು ಎರಡು ದಿನ ಅವನ ಮುಖವನ್ನೇ ಗಮನಿಸಿದೆ. ಭಾನುವಾರ ಅವನು ಡಬ್ಬಿ ತೆಗೆದು, ನಾಯಿಯ ಕಿವಿ ಮಗುಚಿ, ಒಳಗೆ ಒಂದು ಚಿಟಿಕೆ ಉದುರಿಸಿದ. ಒಣಗಿಸುವ ಔಷಧದ ಪುಡಿಯಂತೆ. ಅದನ್ನು ಕಂಡಮೇಲೂ ನನ್ನ ಅನುಮಾನ ಪೂರ್ತಿ ಹೋಗಲಿಲ್ಲ. ಇಷ್ಟಕ್ಕೆ ಯಾಕೆ ಎತ್ತಿಡಬೇಕು ಅನ್ನಿಸಿತು.

ಹೊಲದ ಕಡೆ ಹೋಗಿ ಬಂದರೆ ಉತ್ತರಾಣಿ ಬೀಜ ನಾಯಿಯ ಕಾಲಿಗೂ ಕಿವಿಯ ಕೂದಲಿಗೂ ಅಂಟಿಕೊಂಡಿರುತ್ತಿತ್ತು. ತಮ್ಮ ಕೂತು ಒಂದೊಂದನ್ನೇ ಬಿಡಿಸುತ್ತಿದ್ದ. ಕಿವಿಯ ಕೆಳಗಿನ ಕೂದಲನ್ನು ಮೊಂಡು ಕತ್ತರಿಯಿಂದ ಸಣ್ಣಗೆ ಕತ್ತರಿಸುತ್ತಿದ್ದ. ಬೆರಳಿನ ಸಂದಿಯನ್ನೂ ಬಿಡುತ್ತಿರಲಿಲ್ಲ. ಊಟಕ್ಕೆ ಇಟ್ಟರೆ ಕಿವಿ ಎರಡೂ ತಟ್ಟೆಯೊಳಕ್ಕೆ ಬೀಳುತ್ತಿದ್ದವು, ಅನ್ನ ಸಾರು ಮೆತ್ತಿಕೊಂಡು ಒಣಗಿ ಗಂಟಾಗುತ್ತಿತ್ತು. ಅದಕ್ಕೆ ಅವನು ಹಳೇ ಬಟ್ಟೆಯ ಪಟ್ಟಿಯಿಂದ ಎರಡೂ ಕಿವಿಯನ್ನು ತಲೆಯ ಮೇಲೆ ಎತ್ತಿ ಸಡಿಲವಾಗಿ ಕಟ್ಟಿ ಆಮೇಲೆ ತಟ್ಟೆ ಇಡುತ್ತಿದ್ದ. ಬೀದಿಯವರಿಗೆ ಅದೊಂದು ತಮಾಷೆ.

"ಏನಪ್ಪಾ, ನಿಮ್ಮ ನಾಯಿಗೆ ಹಲ್ಲುನೋವಾ?"

"ಇಲ್ಲ ಕಣ್ರೀ, ಹೆಣ್ಣು ನೋಡೋಕೆ ಬರ್ತಾರೆ ಇವತ್ತು."

ಅಜ್ಜಿ ಮಾತ್ರ ನಗುತ್ತಿರಲಿಲ್ಲ. ಎದುರುಮನೆಯ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದರು. "ಅದರ ಕೂದಲು ಹಾರ್ಕೊಂಡು ಬಂದು ನನ್ನ ಎಣ್ಣೆ ಬಟ್ಟಲಿಗೆ ಬಿದ್ದೀತು ಕಣೋ. ಹಸುಗೂಸಿಗೆ ಹಚ್ಚೋ ಎಣ್ಣೆ. ಬಿತ್ತೋ, ನಿನ್ನ ತಲೆ ಬೋಳಿಸ್ತೀನಿ" ಅಂತ ಗದರಿಸುತ್ತಿದ್ದರು. ಈ ಮಾತನ್ನು ಬೀದಿಯವರೆಲ್ಲ ಕೇಳಿದ್ದರು. ಅಜ್ಜಿಗೆ ನಾಯಿ ಕಂಡರೆ ಆಗದು ಅಂತ ಎಲ್ಲರೂ ತಿಳಿದಿದ್ದರು.

ಬಂಗಲೆಯ ಕೆಲಸ ಹೋದ ಮೇಲೆ ತಮ್ಮ ಮಲ್ಲೇಶ್ವರದ ಕಡೆ ಸಾಕಿದ ನಾಯಿಗಳಿದ್ದ ಮನೆಗಳಿಗೆ ಸೈಕಲ್ಲಿನಲ್ಲಿ ಹೋಗಿ ಸ್ನಾನ ಮಾಡಿಸಿ, ಕೂದಲು ಕತ್ತರಿಸಿ ಬರುವ ಕೆಲಸ ಹಿಡಿದ. ಹೊಸ ಮನೆಗೆ ಹೋಗುವಾಗ ಜೋಲುಕಿವಿಯನ್ನೂ ಕರೆದುಕೊಂಡು ಹೋಗುತ್ತಿದ್ದ. ಅದರ ಮೈ ಹೊಳಪು ನೋಡಿ ಅವನನ್ನು ಒಪ್ಪುತ್ತಿದ್ದರು.

ಶನಿವಾರ ಎಣ್ಣೆ ನೀರಿನ ದಿನ. ಒಂದು ವಾರ ಹೀಗೇ ಬೆಳ್ಳುಳ್ಳಿ ಜಜ್ಜಿ ಹಾಕಿ ಕೊಬ್ಬರಿ ಎಣ್ಣೆ ಕಾಯಿಸಿ, ಅವ್ವನ ತಲೆಗೆ ಒತ್ತಿ, ನಾನೂ ಹಚ್ಚಿಕೊಂಡು ಕೂತಿದ್ದೆ. ತಮ್ಮ ಕೆಲಸಕ್ಕೆ ಹೋಗಿದ್ದ. ನಾಯಿ ಬಂದು ನನ್ನ ಮಗ್ಗುಲಲ್ಲಿ ಬಿದ್ದುಕೊಂಡು ಹಿಂಗಾಲಿನಿಂದ ಕಿವಿ ಕೆರೆದುಕೊಂಡಿತು. ಒಣಗಿದೆ, ಅದಕ್ಕೇ ತುರಿಕೆ ಅಂದುಕೊಂಡೆ. ಮಕ್ಕಳಿಗೂ ಹಾಗೇ ಅಲ್ಲವೇ ಮಾಡುವುದು. ಬೆಚ್ಚಗಿನ ಎಣ್ಣೆಯನ್ನು ಎರಡೂ ಕಿವಿಗೆ ಬಿಟ್ಟು ಬುಡವನ್ನು ನೀವಿದೆ. ನಾಯಿ ನನ್ನ ತೊಡೆಯ ಮೇಲೆ ತಲೆ ಇಟ್ಟು ಕಣ್ಣು ಮುಚ್ಚಿತು. ಅದಕ್ಕೆ ಹಿತವಾಗಲಿ ಅನ್ನುವುದು ಅರ್ಧ ಮನಸ್ಸು. ಇನ್ನರ್ಧದಲ್ಲಿ, ನೋಡು, ನಿನ್ನ ದೊರೆಸಾನಿ ಬೇಡ ಅಂದದ್ದನ್ನು ನಾನು ಮಾಡಿದೆ, ಏನಾಯಿತು, ಅಂತ ತಮ್ಮನಿಗೆ ತೋರಿಸುವ ಹಟವಿತ್ತು. ತೋರಿಸಲು ಮಾತ್ರ ಧೈರ್ಯ ಸಾಲಲಿಲ್ಲ. ಅವನು ಬರುವ ಹೊತ್ತಿಗೆ ಕೂದಲಿಗೆ ಹತ್ತಿದ್ದ ಜಿಡ್ಡನ್ನು ಸೀಗೆಪುಡಿ ಹಾಕಿ ತೊಳೆದುಬಿಟ್ಟೆ.

ಮುಂದಿನ ಶನಿವಾರವೂ ಬಿಟ್ಟೆ. ಅದರ ಮುಂದಿನದೂ. ನಾಯಿಗೆ ಆ ವಾಸನೆ ಅಭ್ಯಾಸವಾಯಿತು. ಎಣ್ಣೆ ಒಲೆಗೆ ಇಟ್ಟರೆ ಸಾಕು, ಎಲ್ಲಿದ್ದರೂ ಬಂದು ನನ್ನ ತೊಡೆಗೆ ತಲೆ ಒಡ್ಡುತ್ತಿತ್ತು.

ಮಳೆಗಾಲ ಹಿಡಿದಾಗ ಅದು ತಲೆ ಒದರಲು ಶುರುಮಾಡಿತು. ಮೊದಲು ಅಪರೂಪಕ್ಕೆ, ಆಮೇಲೆ ಇಡೀ ದಿನ. ಕಿವಿ ಎರಡೂ ಕೆನ್ನೆಗೆ ಪಟಪಟ ಬಡಿಯುವ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ಒಂದು ಕಡೆಗೆ ತಲೆ ವಾಲಿಸಿಕೊಂಡು ನಡೆಯತೊಡಗಿತು. ಎಡಗಿವಿಯಿಂದ ಕೆಟ್ಟ ವಾಸನೆ. ಮುಟ್ಟಹೋದರೆ ಗುರ್ ಅನ್ನುತ್ತಿತ್ತು. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಸುತ್ತಸುತ್ತ ತಿರುಗುತ್ತಿದ್ದದ್ದನ್ನು ನೋಡಿ ನೀರು ಹಿಡಿಯಲು ಬಂದವರು ಕೊಡ ಬಿಟ್ಟು ದೂರ ನಿಂತರು.

"ಹುಚ್ಚು ಹಿಡಿದೈತೆ ಕಣ್ರೀ ಅದಕ್ಕೆ. ಕಾರ್ಪೊರೇಶನ್ನೋರಿಗೆ ಹೇಳಿ."

ತಮ್ಮ ಓಡಿಹೋಗಿ ಜಟಕಾ ತಂದ. ನಾಯಿಯನ್ನು ಕಂಬಳಿಯಲ್ಲಿ ಸುತ್ತಿ ನನ್ನ ತೊಡೆಯ ಮೇಲೆ ಇಟ್ಟ. ದಾರಿಯುದ್ದಕ್ಕೂ ಅದರ ಬಿಸಿಯುಸಿರು ನನ್ನ ಕೈಗೆ ತಾಗುತ್ತಿತ್ತು. ಈಗ ಹೇಳಬೇಕು ಅಂತ ನಾಲ್ಕಾರು ಸಲ ಬಾಯಿ ತೆರೆದೆ. ಜಟಕಾದವನ ಎದುರಿಗೆ ಯಾಕೆ, ಆಸ್ಪತ್ರೆಯಲ್ಲಿ ಹೇಳೋಣ ಅಂದುಕೊಂಡೆ.

ದನದ ಆಸ್ಪತ್ರೆಯ ಡಾಕ್ಟರು ನಾಯಿಯ ಬಾಯಿ ಕಟ್ಟಿಸಿ ಕಿವಿ ಮಗುಚಿ ನೋಡಿದರು. ಹತ್ತಿ ಸುತ್ತಿದ ಕಡ್ಡಿಯನ್ನು ಒಳಗೆ ಆಡಿಸಿ ತೆಗೆದರೆ ಕಪ್ಪಗೆ ಅಂಟುಅಂಟಾಗಿ ಬಂತು.

"ಹುಚ್ಚೂ ಇಲ್ಲ, ಏನೂ ಇಲ್ಲ. ಒಳಗೆಲ್ಲ ಹುಣ್ಣಾಗಿ ಕೀವು ತುಂಬಿದೆ. ಈ ಕಿವಿಗೆ ಯಾರ್ರೀ ಎಣ್ಣೆ ಬಿಟ್ಟಿದ್ದು?"

"ನಮ್ಮನೇಲಿ ಯಾರೂ ಬಿಡಲ್ಲ ಸಾರ್" ಅಂದ ತಮ್ಮ, ತಟಕ್ಕನೆ. "ಬಂದ ದಿನವೇ ನಮ್ಮಕ್ಕಂಗೆ ಹೇಳಿಟ್ಟಿದೀನಿ. ಅಲ್ವೇನಕ್ಕ?"

ಅವನು ನನ್ನ ಕಡೆ ತಿರುಗಿದ. ಅವನ ಕಣ್ಣಿನಲ್ಲಿ ಒಂದು ಚೂರೂ ಸಂಶಯವಿರಲಿಲ್ಲ. ಇದ್ದಿದ್ದರೆ ಹೇಳುತ್ತಿದ್ದೆನೇನೋ.

"ಹೂಂ" ಅಂದೆ.

ಡಾಕ್ಟರು ತೊಳೆದು ಔಷಧ ಬಿಟ್ಟರು. ಜೀವಕ್ಕೆ ಅಪಾಯವಿಲ್ಲ, ಎಡಗಿವಿ ಕೇಳಿಸುವುದು ಕಷ್ಟ ಅಂದರು. ವಾಪಸು ಬರುವಾಗ ತಮ್ಮ ನಾಯಿಯ ತಲೆ ಸವರುತ್ತ ಕೂತಿದ್ದ. ಆಮೇಲೆ, "ನಮ್ಮ ಬೀದೀಲಿ ಎಣ್ಣೆ ಬಟ್ಟಲು ಹಿಡ್ಕೊಂಡು ಓಡಾಡೋರು ಯಾರಕ್ಕ?" ಅಂದ.

ನನಗೆ ಅರ್ಥವಾಯಿತು. ಛೆ, ಹಾಗನ್ನಬೇಡ ಅಂದಿದ್ದರೂ ಸಾಕಿತ್ತು. ಅದರ ಬದಲು ನಾನು ಅಂದದ್ದು ಇದು:

"ಮೊನ್ನೆ ಅಜ್ಜಿ ನಮ್ಮ ಜಗಲಿ ಹತ್ರ ಬಗ್ಗಿ ನಿಂತಿದ್ರು. ನಾಯಿ ಅಲ್ಲೇ ಮಲಗಿತ್ತು."

ಇದು ಸುಳ್ಳಲ್ಲ. ಅಜ್ಜಿ ನಿಂತಿದ್ದದ್ದು ನಿಜ, ಬಗ್ಗಿದ್ದದ್ದೂ ನಿಜ. ಯಾಕೆ ಬಗ್ಗಿದ್ದರು ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಅವನ ಮುಂದೆ ಇಟ್ಟು ನಾನು ಸುಮ್ಮನಾದೆ.

ಜಟಕಾ ಇಳಿದವನು ನೇರವಾಗಿ ಎದುರುಮನೆಯ ಮುಂದೆ ಹೋಗಿ ನಿಂತ. ಅಲ್ಲಿಯತನಕ ಅಜ್ಜಿಯನ್ನು ನೀವು ಅನ್ನುತ್ತಿದ್ದವನು ಅವತ್ತು ಮೊದಲ ಸಲ ನೀನು ಅಂದ.

"ಆ ಮೂಕಪ್ರಾಣಿ ನಿಂಗೇನು ಮಾಡಿತ್ತು? ಕಿವಿಗೆ ಎಣ್ಣೆ ಬಿಟ್ಟು ಕಿವುಡು ಮಾಡಿದೆಯಲ್ಲ!"

ಬೀದಿಯ ಬಾಗಿಲುಗಳೆಲ್ಲ ತೆರೆದವು. ಅಜ್ಜಿ ಒಂದು ಕ್ಷಣ ಏನೂ ತಿಳಿಯದವರ ಹಾಗೆ ನೋಡಿದರು.

"ಎಣ್ಣೆನಾ? ನಿನ್ನ ಕಿವಿಗೆ ಬಿಟ್ಟೋಳು ನಾನು ಕಣೋ. ನಿಂಗೆ ಕೇಳ್ತಾ ಐತೋ ಇಲ್ವೋ?"

"ಮತ್ತೆ ಜಗಲಿ ಹತ್ರ ಯಾಕೆ ಬಗ್ಗಿದ್ದೆ?"

"ಯಾರಂದ್ರು?"

ಅಜ್ಜಿ ಅವನ ಹೆಗಲ ಆಚೆಗೆ, ನಾಯಿಯನ್ನು ಸುತ್ತಿದ್ದ ಕಂಬಳಿಯ ಗಂಟು ಹಿಡಿದು ನಿಂತಿದ್ದ ನನ್ನನ್ನು ನೋಡಿದರು. ನಾನು ಒಳಗೆ ಹೋದೆ.

ಅದಾದ ಮೇಲೆ ಯಾರೂ ಅಜ್ಜಿಗೆ ಎದುರಿಗೆ ಏನೂ ಅನ್ನಲಿಲ್ಲ. ಆದರೆ ಮೂಲೆಮನೆಯಲ್ಲಿ ಹೆರಿಗೆಯಾದಾಗ ಎರೆಯಲು ಬೇರೆ ಬೀದಿಯಿಂದ ಒಬ್ಬಳನ್ನು ಕರೆಸಿದರು. "ಅಜ್ಜಿಗೆ ವಯಸ್ಸಾಯ್ತು, ಕೈ ನಡುಗುತ್ತೆ" ಅಂದರು ಬಾಣಂತಿಯ ತಾಯಿ. ನಲ್ಲಿಯ ಹತ್ತಿರ ಬೇರೆ ಮಾತು ಕೇಳಿಸಿತು: "ನಾಯಿ ಮೇಲಿನ ಸಿಟ್ಟಿಗೆ ಅಂಥಾದ್ದು ಮಾಡಿದ ಕೈ, ನಾಳೆ ಅವ್ವನ ಮೇಲಿನ ಸಿಟ್ಟಿಗೆ ಕೂಸಿಗೆ ಏನು ಮಾಡುತ್ತೋ." ಇನ್ನೊಂದು ಮನೆಯವರೂ ಬೇಡ ಅಂದರು. ಬೆಳಗಿನ ಹೊತ್ತು ಬೀದಿಯ ಬಚ್ಚಲೊಲೆಗಳ ಹೊಗೆ ಏಳುವಾಗ ಅಜ್ಜಿ ಬರಿಗೈಯಲ್ಲಿ ತಮ್ಮ ಜಗಲಿಯ ಮೇಲೆ ಕೂತಿರುತ್ತಿದ್ದರು. ನಾನು ನೀರು ತರಲು ಹೋದರೆ ನನ್ನ ಕೈಯನ್ನೇ ನೋಡುತ್ತಾರೆ ಅನ್ನಿಸುತ್ತಿತ್ತು. ಅವರಿಗೆ ಗೊತ್ತಿದೆಯೇ, ಗೊತ್ತಿದ್ದರೆ ಯಾಕೆ ಸುಮ್ಮನಿದ್ದಾರೆ, ಯಾವತ್ತು ಬಾಯಿಬಿಡುತ್ತಾರೆ, ಅಂತ ನಾನೇ ಅವರನ್ನು ಸಂಶಯದಿಂದ ನೋಡತೊಡಗಿದೆ. ಕೊಡ ತುಂಬಿಸಲು ಹಿತ್ತಲ ಸಂದಿಯಿಂದ ಸುತ್ತುಹಾಕಿಕೊಂಡು ಹೋಗತೊಡಗಿದೆ.

ಸಂಕ್ರಾಂತಿ ಕಳೆದ ಮೇಲೆ ಅಜ್ಜಿ ಮನೆ ಖಾಲಿಮಾಡಿ ಕೆಂಗೇರಿಯಲ್ಲಿದ್ದ ಮಗಳ ಮನೆಗೆ ಹೊರಟರು. ಅವ್ವನಿಗೆ ಹೇಳಿಹೋಗಲು ಬಂದಾಗ ನಾನು ಒಲೆಯ ಮುಂದೆ ಊದುಕೊಳವೆ ಹಿಡಿದು ಕೂತವಳು ಏಳಲಿಲ್ಲ.

ಆಮೇಲೆ ಒಂದು ಶನಿವಾರ ತಮ್ಮ ಕೆಲಸಕ್ಕೆ ಹೋಗದೆ ಮನೆಯಲ್ಲಿದ್ದ. ನಾನು ಎಂದಿನಂತೆ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿ ಇಳಿಸಿದೆ. ಆಸ್ಪತ್ರೆಗೆ ಹೋಗಿ ಬಂದಾಗಿನಿಂದ ನಾನು ನಾಯಿಯ ಕಿವಿ ಮುಟ್ಟಿರಲಿಲ್ಲ. ಆದರೆ ನಾಯಿ ಮರೆತಿರಲಿಲ್ಲ. ತಮ್ಮನ ಪಕ್ಕದಲ್ಲಿ ಮಲಗಿದ್ದದ್ದು ಮೂಗು ಎತ್ತಿ, ಎದ್ದು ಬಂದು ನನ್ನ ತೊಡೆಯ ಮೇಲೆ ತಲೆ ಇಟ್ಟು, ಚೆನ್ನಾಗಿದ್ದ ಬಲಗಿವಿಯನ್ನು ಮೇಲೆ ಮಾಡಿ ಕಣ್ಣು ಮುಚ್ಚಿ ಕಾಯತೊಡಗಿತು.

ತಮ್ಮ ಅದನ್ನು ನೋಡಿದ. ಬಟ್ಟಲನ್ನು ನೋಡಿದ. ಆಮೇಲೆ ನನ್ನನ್ನು.

"ಅಕ್ಕ. ನೀನಾ?"

"ಹೂಂ" ಅಂದೆ.

ಅವನು ಬೈಯಲಿಲ್ಲ. ಬಂದು ನಾಯಿಯನ್ನು ಎತ್ತಿಕೊಂಡು ಹೊರಗೆ ಹೋದ. ಮರುದಿನ ಬೆಳಿಗ್ಗೆ, "ಸೀರೆ ಉಟ್ಕೋ, ಕೆಂಗೇರಿಗೆ ಹೋಗೋಣ" ಅಂತ ಮಾತ್ರ ಅಂದ. ರೈಲಿನಲ್ಲಿ ನಾಯಿಯನ್ನು ಮಧ್ಯದಲ್ಲಿ ಕೂರಿಸಿಕೊಂಡು ನಾವಿಬ್ಬರೂ ಒಂದೊಂದು ಕಡೆ ನೋಡುತ್ತ ಹೋದೆವು.

ಅಜ್ಜಿ ಮಗಳ ಮನೆಯ ಅಂಗಳದಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. ನಮ್ಮನ್ನು ಕಂಡು ಕೈ ನಿಲ್ಲಿಸಿದರು.

"ಏನು ಇಲ್ಲೀಗಂಟ? ಇಲ್ಲಿಂದಲೂ ಬಂದು ಎಣ್ಣೆ ಬಿಟ್ನಾ?"

"ಅಜ್ಜಿ, ತಪ್ಪಾಯ್ತು" ಅಂದ ತಮ್ಮ. "ನೀವಲ್ಲ ಅಂತ ಗೊತ್ತಾಯ್ತು."

"ಮತ್ಯಾರಂತೆ?"

ತಮ್ಮ ನನ್ನ ಕಡೆ ತಿರುಗಿದ. ಮಗಳು ಬಾಗಿಲಲ್ಲಿ ನಿಂತಿದ್ದಳು, ಅಳಿಯ ಒಳಗೆ ಕೆಮ್ಮಿದ. ಆಡಬೇಕಾದ ಮಾತನ್ನು ರೈಲಿನಲ್ಲಿ ಮನಸ್ಸಿನಲ್ಲೇ ಎಷ್ಟೋ ಸಲ ಆಡಿಕೊಂಡಿದ್ದೆ. ಬಾಯಿಂದ ಬಂದದ್ದು ಬೇರೆ.

"ಯಾರೂ ಅಲ್ವಂತೆ ಅಜ್ಜಿ. ಆ ಜಾತಿಗೆ ತಾನಾಗೇ ಬರುತ್ತಂತೆ."

ತಮ್ಮ ತಲೆ ತಗ್ಗಿಸಿದ. ಅವನು ನನ್ನನ್ನು ಹಿಡಿದುಕೊಡಲಿಲ್ಲ. ಅಜ್ಜಿ ನನ್ನನ್ನು ಬಹಳ ಹೊತ್ತು ನೋಡಿದರು. ಆ ನೋಟದಲ್ಲಿ ಏನಿತ್ತು ಅಂತ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಊಟಕ್ಕೆ ಎಬ್ಬಿಸಿದರು. ಮುದ್ದೆ, ಸೊಪ್ಪಿನ ಸಾರು. ನಾಯಿಗೂ ಒಂದು ಚಿಪ್ಪಿನಲ್ಲಿ ಅನ್ನ ಕಲಸಿ ತಂದ ಅಜ್ಜಿ, ಇಡುವ ಮೊದಲು ಅಂಗಳದ ಹಗ್ಗದ ಮೇಲಿದ್ದ ಹಳೇ ಸೀರೆಯ ಅಂಚು ಹರಿದು, ಅದರ ಎರಡೂ ಕಿವಿಯನ್ನು ತಲೆಯ ಮೇಲೆ ಎತ್ತಿ ಸಡಿಲವಾಗಿ ಕಟ್ಟಿದರು. ಥೇಟು ನನ್ನ ತಮ್ಮ ಕಟ್ಟುತ್ತಿದ್ದ ಹಾಗೆ. ನೋವಿದ್ದ ಕಡೆಗೆ ಬೆರಳು ತಾಗದ ಹಾಗೆ.

"ಅವತ್ತು ನಿಮ್ಮ ಜಗಲಿ ಹತ್ರಾನೂ ಇದಕ್ಕೇ ಬಗ್ಗಿದ್ದು" ಅಂದರು ತಮ್ಮನಿಗೆ. "ಪಟ್ಟಿ ಬಿಚ್ಚಿ ಕತ್ತಿಗೆ ಸುತ್ಕೊಂಡಿತ್ತು. ಸರಿ ಮಾಡ್ದೆ. ಕೇಳಿದ್ರೆ ಹೇಳ್ತಿದ್ದೆ."

ತಮ್ಮ ಎಲೆಯ ಮುಂದೆ ಕೂತವನು ತುತ್ತು ಎತ್ತಲಿಲ್ಲ. ನಾನು ಸಾರು ಕುಡಿದೆ.

ಹೊರಡುವಾಗ ಅಜ್ಜಿ ಬೇಲಿಯತನಕ ಬಂದು ನನ್ನನ್ನು ಕೇಳಿದರು: "ಬೀದೀಲಿ ಹೇಳ್ತೀಯೇನೇ? ನಾನಲ್ಲ ಅಂತ? ಮೂಲೆಮನೆಯೋರ ಹತ್ರ ಆದ್ರೂ?"

"ಹೇಳ್ತೀನಿ ಅಜ್ಜಿ" ಅಂದೆ.

ನಾನು ಹೇಳಲಿಲ್ಲ. ತಮ್ಮ ಮನೆಮನೆಗೆ ಹೋಗಿ ಅಜ್ಜಿ ಅಲ್ಲ ಅಂತ ಹೇಳಿದ. ಮತ್ತೆ ಯಾರು ಅಂತ ಕೇಳಿದರೆ ಸುಮ್ಮನಾಗುತ್ತಿದ್ದ. ಮುದುಕಿಯ ಮೇಲೆ ಕನಿಕರಕ್ಕೆ ಹೇಳುತ್ತಾನೆ ಅಂದರು ಬೀದಿಯವರು. ಯಾರೂ ಅವರನ್ನು ವಾಪಸು ಕರೆಯಲಿಲ್ಲ. ಕೆಲವು ವರ್ಷದ ಮೇಲೆ ಅಜ್ಜಿ ಕೆಂಗೇರಿಯಲ್ಲೇ ತೀರಿಕೊಂಡರು. ನಾಯಿ ಬಲಗಿವಿಯೊಂದರಲ್ಲೇ ಕೇಳಿಸಿಕೊಂಡು ಮುದಿಯಾಗಿ ಸತ್ತಿತು. ತಮ್ಮ ಕೊನೆಯವರೆಗೂ ಅದರ ಸ್ನಾನವನ್ನು ತಾನೇ ಮಾಡಿಸಿದ. ನನ್ನ ಕೈಗೆ ಟವೆಲ್ಲನ್ನೂ ಕೊಡಲಿಲ್ಲ. ಮನೆಗೆ ಬಂದವರ ಮುಂದೆ, "ನಮ್ಮಕ್ಕ ಸಾಕಿದ್ದು ನನ್ನ" ಅಂತ ಮೊದಲಿನಂತೆಯೇ ಹೇಳುತ್ತಿದ್ದ. ಈಗ ಅವನೂ ಇಲ್ಲ.

ಅವತ್ತು ಮೂಲೆಮನೆಯಲ್ಲಿ ಹುಟ್ಟಿದ ಮಗು ಈಗ ಮಕ್ಕಳ ತಾಯಿ. ಅದೇ ಮನೆಯ ಮೇಲೆ ಮಹಡಿ ಕಟ್ಟಿಸಿಕೊಂಡು ಇದ್ದಾಳೆ. ಹೋದ ತಿಂಗಳು ನಾನು ಮೆಟ್ಟಿಲು ಹತ್ತಿ ಹೋಗಿ, ಕೂತು, ನೀರು ಕುಡಿದು ಎಲ್ಲವನ್ನೂ ಹೇಳಿದೆ. ಎಣ್ಣೆ ನಮ್ಮ ಮನೆಯದು, ಬಿಟ್ಟವಳು ನಾನು, ಅಜ್ಜಿಯ ಕೈಯಲ್ಲಿ ಏನೂ ದೋಷವಿರಲಿಲ್ಲ, ನಿನಗೆ ಅವರೇ ಎರೆಯಬೇಕಾಗಿತ್ತು ಅಂದೆ. ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಿ ಪೂರ್ತಿ ಕೇಳಿದಳು.

"ಯಾವ ಅಜ್ಜಿ ದೊಡ್ಡಮ್ಮ?" ಅಂದಳು.